1972ರಲ್ಲಿ ಹಾಡಿದ ಎಲ್‌ಪಿ ಹೊರಬಂದದ್ದು 2000ದಲ್ಲಿ: ಬೆಟ್ಟಿ ಲವೆಟ್‌ಗೆ ಆದದ್ದು ಅನ್ಯಾಯ ಅಲ್ವಾ?

ಸೂಜಿಮೊನೆ
ಈಚೆಗೆ ನಮ್ಮ ಮನೆಯಲ್ಲಿ ಒಂದೇ ಆಲ್ಬಂ ಓಡುತ್ತಿದೆ. ಅಮೆರಿಕದ ಗಾಯಕಿ ಬೆಟ್ಟಿ ಲವೆಟ್ ಅವರ ‘ಚೈಲ್ಡ್ ಆಫ್ ದಿ ಸೆವೆಂಟೀಸ್’. ಸೋಲ್ ಸಂಗೀತ (ಅಮೆರಿಕದ ಕರಿಯರ ಚರ್ಚ್ ಹಾಡು, ಬ್ಲೂಸ್‌ನಿಂದ ಬೆಳೆದದ್ದು) ಕೇಳುವವರಿಗೆ ಈ ಕಥೆ ಗೊತ್ತಿರಬಹುದು. ಉಳಿದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ.

ಬೆಟ್ಟಿ ಹುಟ್ಟಿದ್ದು 1946ರಲ್ಲಿ, ಮಿಷಿಗನ್ ರಾಜ್ಯದಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. 1962ರಲ್ಲಿ, 16ನೇ ವಯಸ್ಸಿಗೇ ಮೊದಲ ಸಿಂಗಲ್ (ಒಂದೆರಡು ಹಾಡಿನ ಚಿಕ್ಕ ರೆಕಾರ್ಡ್) ಹಿಟ್ ಆಯಿತು. ಅದನ್ನು ಹೊರತಂದದ್ದು ಅಟ್ಲಾಂಟಿಕ್ ಅನ್ನುವ ರೆಕಾರ್ಡ್ ಕಂಪನಿ. ಆಮೇಲೆ ಹತ್ತು ವರ್ಷ ಈ ಲೇಬಲ್‌ನಿಂದ ಆ ಲೇಬಲ್‌ಗೆ ಅಲೆದಾಟ. ಸಿಂಗಲ್‌ಗಳು ಬಂದವು, ಒಂದೇ ಒಂದು ಎಲ್‌ಪಿ (ಇಡೀ ಆಲ್ಬಂನ ದೊಡ್ಡ ರೆಕಾರ್ಡ್) ಬರಲಿಲ್ಲ. 1972ರಲ್ಲಿ ಅಟ್ಲಾಂಟಿಕ್ ಮತ್ತೆ ಕರೆದು, ಅಲಬಾಮಾದ ಮಸಲ್ ಶೋಲ್ಸ್‌ಗೆ ಕಳಿಸಿ ಈ ಪೂರ್ತಿ ಎಲ್‌ಪಿ ಮಾಡಿಸಿತು. ನಿರ್ಮಾಪಕ ಬ್ರ್ಯಾಡ್ ಶಪಿರೊ. ಹಾಡುಗಳೆಲ್ಲ ಮುಗಿದವು. ಪ್ರಚಾರದ ಪ್ರವಾಸಕ್ಕೆ ವಿಮಾನದ ಟಿಕೆಟ್ ಕೂಡ ಕೈಗೆ ಬಂತು. ಅಷ್ಟರಲ್ಲಿ ಕಂಪನಿಯಿಂದ ಫೋನು. ಆಲ್ಬಂ ಬರುವುದಿಲ್ಲ, ಟಿಕೆಟ್ ವಾಪಸ್ ಕಳಿಸಿ ಅಂತ. ಯಾಕೆ ಅಂತ ಸರಿಯಾಗಿ ಹೇಳಲೂ ಇಲ್ಲ. ಆಕೆ ಊಟದ ಮೇಜಿನ ಕೆಳಗೆ ಹೋಗಿ ಸೇರಿಕೊಂಡು ದಿನಗಟ್ಟಲೆ ಹೊರಗೆ ಬರಲಿಲ್ಲ ಅಂತ ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಇದು ಅದೇ.

ಝೀಲ್ ಪೆಟಾರ್ ಅಂತ ಫ್ರಾನ್ಸಿನ ಒಬ್ಬ ರೆಕಾರ್ಡ್ ಸಂಗ್ರಾಹಕ ಹಟ ಹಿಡಿದು ಆ ಟೇಪ್ ಹುಡುಕಿಸಿದರು. ಹಕ್ಕು ಪಡೆದು ಅದನ್ನೇ 2000ದಲ್ಲಿ ‘ಸೂವನೀರ್ಸ್’ ಅನ್ನುವ ಬೇರೆ ಹೆಸರಿನಲ್ಲಿ ಹೊರತಂದರು. 28 ವರ್ಷ! 26ರ ಹುಡುಗಿ ಹಾಡಿದ್ದು 54ರ ಹೆಂಗಸಿಗೆ ಸಿಕ್ಕಿತು.

ನನ್ನ ವಾದ ಇಷ್ಟೇ. ಕಂಪನಿ ಒಂದು ರೆಕಾರ್ಡಿಂಗ್ ಮಾಡಿಸಿ, ಇಷ್ಟು ವರ್ಷದೊಳಗೆ ಬಿಡುಗಡೆ ಮಾಡದಿದ್ದರೆ, ಅದು ಹಾಡಿದವರ ಕೈಗೆ ವಾಪಸ್ ಬರಬೇಕು. ಹತ್ತು ವರ್ಷ ಅಂತಿಟ್ಟುಕೊಳ್ಳಿ. ನೀವೇನಂತೀರಿ?

ರಾತ್ರಿಪಾಳಿ
ನೂರಕ್ಕೆ ನೂರು ಒಪ್ಪುತ್ತೇನೆ. ಮೇಜಿನ ಕೆಳಗಿನ ಮಾತು ಓದಿ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ಲೆಕ್ಕದವ
ಕಥೆ ಕೇಳಿದರೆ ಬೇಜಾರಾಗುತ್ತದೆ, ನಿಜ. ಆದರೆ ದುಡ್ಡು ಹಾಕಿದವರು ಯಾರು? ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಬಳ, ನಿರ್ಮಾಪಕನ ಫೀಸು ಎಲ್ಲ ಕಂಪನಿಯದು. ಎಲ್‌ಪಿಗೆ ಮುಂಚೆ ಸಿಂಗಲ್ ಬಿಟ್ಟು ನೋಡುವುದು ಆಗಿನ ವಾಡಿಕೆ. ಸಿಂಗಲ್ ಓಡದಿದ್ದರೆ ಎಲ್‌ಪಿ ಒತ್ತಿಸಿ, ಹೊದಿಕೆ ಅಚ್ಚು ಹಾಕಿಸಿ, ಊರೂರಿಗೆ ಕಳಿಸುವುದು ಇನ್ನೂ ನಷ್ಟ. ಬೆಟ್ಟಿ ಅವರ ಆಗಿನ ಸಿಂಗಲ್‌ಗಳು ಮಾರಾಟವಾಗಲಿಲ್ಲ. ಕಂಪನಿ ಕೈ ತೊಳೆದುಕೊಂಡಿತು. ಇದರಲ್ಲಿ ದ್ವೇಷ ಏನೂ ಇಲ್ಲ.

ಸೂಜಿಮೊನೆ
ದ್ವೇಷ ಇತ್ತು ಅಂತ ನಾನೂ ಹೇಳಿಲ್ಲ. ಮಾರುವುದಿಲ್ಲ ಅಂತ ನಿರ್ಧಾರ ಮಾಡಲಿ, ಅದು ಅವರ ಹಕ್ಕು. ಮಾರುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನುವುದು ಯಾವ ನ್ಯಾಯ? ಇನ್ನೊಂದು ವಿಷಯ. ಆ ಕಾಲದ ಒಪ್ಪಂದಗಳಲ್ಲಿ ರೆಕಾರ್ಡಿಂಗ್ ಖರ್ಚನ್ನು ಸಾಮಾನ್ಯವಾಗಿ ಕಲಾವಿದರ ಲೆಕ್ಕಕ್ಕೇ ಬರೆಯುತ್ತಿದ್ದರು. ಅವರ ರಾಯಲ್ಟಿಯಿಂದ ಮುರಿದುಕೊಳ್ಳುತ್ತಿದ್ದರು. ಅಂದರೆ ಖರ್ಚು ಹಾಡಿದವರ ತಲೆಗೆ, ಮಾಲು ಮಾತ್ರ ಕಂಪನಿಗೆ.

ಹಾಡುಹಕ್ಕಿ
ನಾನು ಈ ಹೆಸರೇ ಕೇಳಿರಲಿಲ್ಲ. ಎಲ್ಲಿಂದ ಶುರು ಮಾಡಲಿ?

ಸೂಜಿಮೊನೆ
‘ಯುವರ್ ಟರ್ನ್ ಟು ಕ್ರೈ’ ಹಾಕಿ, ಹಾಡುಹಕ್ಕಿ ಅವರೇ. ಜೋ ಸೈಮನ್ ಮೊದಲು ಹಾಡಿದ್ದ ಹಾಡು. ಕೈಬಿಟ್ಟುಹೋದ ಪ್ರಿಯಕರನಿಗೆ ಹೇಳುವ ಮಾತು: ನಾನು ಅತ್ತಾಯಿತು, ಇನ್ನು ನಿನ್ನ ಸರದಿ. ದೊಡ್ಡ ದನಿಯಲ್ಲಿ ಕೇಳಿ. ಆಕೆಯ ಗಂಟಲು ನಯವಾದ ಗಂಟಲಲ್ಲ. ಮೇಲಿನ ಸ್ವರಕ್ಕೆ ಹೋದಾಗ ದನಿ ಹರಿಯುತ್ತದೆ, ಆ ಹರಿದ ದನಿಯನ್ನು ಮುಚ್ಚಿಡುವುದೇ ಇಲ್ಲ. ಅದನ್ನೇ ಮುಂದಿಟ್ಟುಕೊಂಡು ಹಾಡುತ್ತಾರೆ.

ಸ್ಪೂಲ್‌ಮಣಿ
ಬೆಟ್ಟಿ ಈ ಎಲ್‌ಪಿ ಹಾಡಿದ ಸ್ಟುಡಿಯೋ ಬಗ್ಗೆ ಒಂದು ಮಾತು. ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋ ಇರುವುದು ಶೆಫೀಲ್ಡ್ ಅನ್ನುವ ಊರಿನಲ್ಲಿ, 3614 ಜ್ಯಾಕ್ಸನ್ ಹೈವೇ. ಚಿಕ್ಕ ಕಟ್ಟಡ. ಮೊದಲು ಅಲ್ಲಿ ಶವಪೆಟ್ಟಿಗೆ ಇಡುತ್ತಿದ್ದರು. ಫೇಮ್ ಸ್ಟುಡಿಯೋದಲ್ಲಿ ನುಡಿಸುತ್ತಿದ್ದ ನಾಲ್ಕು ಜನ 1969ರಲ್ಲಿ ಅಲ್ಲಿಂದ ಹೊರಬಂದು ಇದನ್ನು ತೆರೆದರು. ಡ್ರಮ್ಸ್‌ಗೆ ರಾಜರ್ ಹಾಕಿನ್ಸ್, ಬಾಸ್‌ಗೆ ಡೇವಿಡ್ ಹುಡ್, ಗಿಟಾರ್‌ಗೆ ಜಿಮ್ಮಿ ಜಾನ್ಸನ್, ಕೀಬೋರ್ಡ್‌ಗೆ ಬ್ಯಾರಿ ಬೆಕೆಟ್. ಅದೇ ವರ್ಷದ ಡಿಸೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ರೆಕಾರ್ಡ್ ಮಾಡಿ ಹೋದರು. ರೆಕಾರ್ಡ್ ಕೇಳಿ ನುಡಿಸಿದವರು ಕರಿಯರೇ ಇರಬೇಕು ಅಂದುಕೊಂಡವರು ಬಹಳ ಜನ. ನಾಲ್ವರೂ ಬಿಳಿಯರು.

ಲೆಕ್ಕದವ
ನೋಡಿ, ಇಷ್ಟು ಒಳ್ಳೆಯ ಜಾಗಕ್ಕೆ, ಇಷ್ಟು ಒಳ್ಳೆಯ ವಾದ್ಯದವರ ಹತ್ತಿರ ಕಳಿಸಿದ್ದು ಅದೇ ಕಂಪನಿ ತಾನೇ? ಒಂದು ಕಡೆ ಮಾತ್ರ ಹೇಳಬೇಡಿ.

ಮಿಷಿಗನ್_ಕನ್ನಡತಿ
ಲೆಕ್ಕದವರೇ, ಅದು ಸರಿ, ಆದರೆ ಆಕೆಯ ಕಡೆಯಿಂದ ಯೋಚನೆ ಮಾಡಿ. ಡೆಟ್ರಾಯಿಟ್‌ನಲ್ಲಿ ಜೊತೆಗೆ ಬೆಳೆದವರೆಲ್ಲ ಆಗಲೇ ದೊಡ್ಡ ಸ್ಟಾರ್. ಅರೀಥಾ ಫ್ರ್ಯಾಂಕ್ಲಿನ್ ಡೆಟ್ರಾಯಿಟ್‌ನವರು, ಅದೇ ಅಟ್ಲಾಂಟಿಕ್‌ನಲ್ಲಿ ರಾಣಿಯ ಹಾಗೆ ಇದ್ದರು. ಸೋಲ್ ಸಂಗೀತದ ದೊಡ್ಡ ರೆಕಾರ್ಡ್ ಕಂಪನಿ ಮೋಟೌನ್ ಇದ್ದದ್ದೂ ಅದೇ ಊರಿನಲ್ಲಿ. ಬೆಟ್ಟಿಯ ಮೊದಲ ಎಲ್‌ಪಿ ಅಂತ ಅಂಗಡಿಗೆ ಬಂದದ್ದು 1982ರಲ್ಲಿ, ‘ಟೆಲ್ ಮಿ ಎ ಲೈ’. ಮೊದಲ ಹಿಟ್ ಆಗಿ 20 ವರ್ಷದ ಮೇಲೆ! ಆ ನಡುವೆ ‘ಬಬ್ಲಿಂಗ್ ಬ್ರೌನ್ ಶುಗರ್’ ಅನ್ನುವ ಸಂಗೀತ ನಾಟಕದಲ್ಲಿ ಪಾತ್ರ ಮಾಡಿಕೊಂಡು ಊರೂರು ತಿರುಗಿದರು. ಕ್ಲಬ್‌ಗಳಲ್ಲಿ ಹಾಡಿದರು. ಒಂದು ಎಲ್‌ಪಿ ಕೈಯಲ್ಲಿದ್ದಿದ್ದರೆ ಆ ದಿನಗಳು ಬೇರೆ ತರಹ ಇರುತ್ತಿದ್ದವು.

ಹೊಸಬ_ಕೇಳುಗ
ಟೇಪ್‌ಗಳು ಸುಟ್ಟುಹೋಗಿದ್ದವು ಅಂತ ಎಲ್ಲೋ ಓದಿದ್ದೆ?

ಸ್ಪೂಲ್‌ಮಣಿ
ಬೆಂಕಿ ಬಿದ್ದದ್ದು ನಿಜ. 1978ರ ಫೆಬ್ರವರಿಯಲ್ಲಿ, ನ್ಯೂಜೆರ್ಸಿಯ ಲಾಂಗ್ ಬ್ರಾಂಚ್ ಅನ್ನುವ ಊರಿನಲ್ಲಿ. ಅಟ್ಲಾಂಟಿಕ್ ತನ್ನ ಹಳೆಯ ಟೇಪ್‌ಗಳನ್ನು ಅಲ್ಲಿ ಒಂದು ಮುಚ್ಚಿದ ದೊಡ್ಡ ಅಂಗಡಿ ಕಟ್ಟಡದಲ್ಲಿ ಇಟ್ಟಿತ್ತು. ಸಾವಿರಾರು ಟೇಪ್ ಬೂದಿಯಾದವು. ಹೊಟ್ಟೆ ಉರಿಯುವ ಸಂಗತಿ ಅಂದರೆ ಯಾವುದು ಹೋಯಿತು ಅನ್ನುವುದು. ಬಿಡುಗಡೆಯಾದ ಹಾಡುಗಳ ಮಾಸ್ಟರ್ (ಮೂಲ ಟೇಪ್) ಬಹುಪಾಲು ನ್ಯೂಯಾರ್ಕ್‌ನಲ್ಲಿ ಇದ್ದವು, ಉಳಿದವು. ಬಿಡುಗಡೆಯಾಗದ ಹಾಡುಗಳು, ಒಂದೇ ಹಾಡಿನ ಬೇರೆ ಬೇರೆ ಟೇಕ್‌ಗಳು, ತಾಲೀಮು, ಇವೆಲ್ಲ ಗೋದಾಮಿನಲ್ಲಿದ್ದವು. ಅಂದರೆ ಮೂಲೆಗೆ ಹಾಕಿದ್ದೇ ಮೊದಲು ಸುಟ್ಟುಹೋಯಿತು.

ಬೆಟ್ಟಿ ಕೂಡ ತಮ್ಮ ಎಲ್‌ಪಿ ಆ ಬೆಂಕಿಯಲ್ಲೇ ಹೋಯಿತು ಅಂತ ನಂಬಿದ್ದರು. ಆದರೆ ಪೆಟಾರ್ ಬೆನ್ನು ಹತ್ತಿ ಕೇಳಿದಾಗ ಕಂಪನಿಯ ಟೇಪ್ ಸಂಗ್ರಹದಲ್ಲೇ ಸಿಕ್ಕಿತು.

ರಾತ್ರಿಪಾಳಿ
ಅಂದರೆ ಅಷ್ಟು ವರ್ಷ ಯಾರೂ ಆ ಡಬ್ಬಿ ತೆರೆದು ನೋಡಲೇ ಇಲ್ಲವಾ?!

ಸ್ಪೂಲ್‌ಮಣಿ
ತೆರೆದು ನೋಡುವುದಕ್ಕೆ ಯಾರಾದರೂ ಕೇಳಬೇಕಲ್ಲ. ನನ್ನ ಕೆಲಸವೇ ಹಳೆಯ ಸ್ಪೂಲ್‌ಗಳನ್ನು (ಸುರುಳಿ ಟೇಪ್) ಡಿಜಿಟಲ್ ಮಾಡುವುದು. ಒಂದು ಕಡೆ ಕಪಾಟಿನ ತುಂಬ ಸ್ಪೂಲ್ ಇದ್ದವು, ಡಬ್ಬಿಯ ಮೇಲೆ ಬರೀ ನಂಬರ್. ನಂಬರ್ ಬರೆದಿಟ್ಟಿದ್ದ ರಿಜಿಸ್ಟರ್ ಗೆದ್ದಲು ತಿಂದಿತ್ತು. ಡಬ್ಬಿ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಅದು ಹಳೆಯ ಅಸಿಟೇಟ್ ಟೇಪ್ ಕೊಳೆಯುವ ವಾಸನೆ. ಎಷ್ಟೋ ವರ್ಷದ ಹಿಂದೆ ಅಂಟಿಸಿದ್ದ ಜೋಡಣೆಗಳು ಮೆಷಿನ್‌ಗೆ ಹಾಕುವ ಮುಂಚೆಯೇ ಕೈಯಲ್ಲಿ ಕಳಚಿಕೊಂಡವು. ಪ್ರತಿಯೊಂದನ್ನೂ ಬ್ಲೇಡಿನಿಂದ ಕೆರೆದು, ಹೊಸ ಪಟ್ಟಿ ಅಂಟಿಸಿ, ಆಮೇಲೆ ಪ್ಲೇ.

ಇನ್ನೊಂದು ವಿಚಿತ್ರ. ಬಹಳ ವರ್ಷ ಸುತ್ತಿಟ್ಟ ಟೇಪ್‌ನಲ್ಲಿ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಮಸುಕಾಗಿ ಇಳಿದಿರುತ್ತದೆ. ಹಾಗಾಗಿ ಹಾಡು ಶುರುವಾಗುವ ಒಂದೆರಡು ಸೆಕೆಂಡ್ ಮುಂಚೆಯೇ ಅದೇ ಸಾಲು ದೂರದಿಂದ ಕೇಳಿಸಿದಂತೆ ಬರುತ್ತದೆ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಹೆಡ್‌ಫೋನ್ ಹಾಕಿ ಗಮನಿಸಿ, ಗೊತ್ತಾಗುತ್ತದೆ.

ವಿನೈಲ್_ಬಸವನಗುಡಿ
ಅಂಟು ಬಿಟ್ಟ ಟೇಪ್‌ಗಳನ್ನು ಓವನ್‌ನಲ್ಲಿ ಬೇಯಿಸಿದರೆ ಸರಿಹೋಗುತ್ತದಂತಲ್ಲ?

ಸ್ಪೂಲ್‌ಮಣಿ
ಎಲ್ಲ ಟೇಪ್‌ಗೂ ಅಲ್ಲ ಸಾರ್, ದಯವಿಟ್ಟು ಮನೆಯಲ್ಲಿ ಯಾರೂ ಪ್ರಯತ್ನ ಮಾಡಬೇಡಿ. 70ರ ದಶಕದ ಮಧ್ಯದಿಂದ ಬಂದ ಕೆಲವು ಕಂಪನಿಗಳ ಟೇಪ್‌ನಲ್ಲಿ ಅಂಟು ತೇವ ಹೀರಿಕೊಂಡು ಜಿಗುಟಾಗುತ್ತದೆ. ಆ್ಯಂಪೆಕ್ಸ್ 456 ಅದಕ್ಕೆ ಹೆಸರುವಾಸಿ. ಮೆಷಿನ್‌ಗೆ ಹಾಕಿದರೆ ಕೀರಲು ಸದ್ದು, ಟೇಪ್ ಓದುವ ಹೆಡ್‌ಗೆಲ್ಲ ಕಂದು ಪುಡಿ ಮೆತ್ತಿಕೊಳ್ಳುತ್ತದೆ. ಅದನ್ನು 50ರಿಂದ 55 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ತೇವ ಹೋಗಿ ಸ್ವಲ್ಪ ದಿನ ಪ್ಲೇ ಆಗುತ್ತದೆ. ಅಷ್ಟರಲ್ಲಿ ಕಾಪಿ ಮಾಡಿಕೊಳ್ಳಬೇಕು. ಅಸಿಟೇಟ್ ಟೇಪ್‌ಗೆ ಹೀಗೆ ಮಾಡಿದರೆ ಇದ್ದದ್ದೂ ಹಾಳು.

ಗಾಂಧಿಬಜಾರ್_ಗ್ರೂವ್
ಮೋಟೌನ್ ಗಾಯಕ ಮಾರ್ವಿನ್ ಗೇ ವಿಷಯ ಯಾರೂ ಎತ್ತಲಿಲ್ಲವಲ್ಲ! ಆತನ ‘ಯು ಆರ್ ದಿ ಮ್ಯಾನ್’ ಆಲ್ಬಂ ಕೂಡ 1972ರದೇ. ಹೊರಬಂದದ್ದು 2019ರ ಮಾರ್ಚ್ 29ಕ್ಕೆ. 47 ವರ್ಷ. ಬದುಕಿದ್ದರೆ ಆ ಏಪ್ರಿಲ್ 2ಕ್ಕೆ 80 ತುಂಬುತ್ತಿತ್ತು. ಹಿಂದಿನ ವರ್ಷವಷ್ಟೇ ‘ವಾಟ್ಸ್ ಗೋಯಿಂಗ್ ಆನ್’ ಜಗತ್ತನ್ನೇ ಅಲ್ಲಾಡಿಸಿತ್ತು. ಅಂಥವನ ಮುಂದಿನ ಆಲ್ಬಂ ತಡೆದರು ಅಂದರೆ ಬೆಟ್ಟಿಯಂಥವರ ಪಾಡೇನು?

ಸೂಜಿಮೊನೆ
ಅಣ್ಣ, ಅದನ್ನು ಇದರ ಜೊತೆ ಸೇರಿಸುವುದು ಸರಿಯಲ್ಲ. ಬೆಟ್ಟಿಯದು ಮುಗಿದ ಎಲ್‌ಪಿ. ಮಾರ್ವಿನ್‌ದು ಮುಗಿಯಲೇ ಇಲ್ಲ. ‘ಯು ಆರ್ ದಿ ಮ್ಯಾನ್’ ಹಾಡು 1972ರಲ್ಲಿ ಸಿಂಗಲ್ ಆಗಿ ಬಂತು. ಅಮೆರಿಕದ ಚುನಾವಣೆಯ ವರ್ಷ, ನೇರ ರಾಜಕೀಯದ ಹಾಡು. ಸೋಲ್ ಪಟ್ಟಿಯಲ್ಲಿ 7ನೇ ಸ್ಥಾನ, ಪಾಪ್ ಪಟ್ಟಿಯಲ್ಲಿ 50. ಅಷ್ಟು ಸಾಲದು ಅಂತ ಆತನೇ ಆ ದಾರಿ ಬಿಟ್ಟ. 2019ರಲ್ಲಿ ಬಂದದ್ದು ಆ ಹೊತ್ತಿನ ಬೇರೆ ಬೇರೆ ಸೆಷನ್‌ಗಳನ್ನು ಒಟ್ಟುಗೂಡಿಸಿದ 17 ಹಾಡುಗಳು. ವಿಲ್ಲಿ ಹಚ್ ಮಾಡಿಸಿದ್ದು ಕೆಲವು, ಹ್ಯಾಲ್ ಡೇವಿಸ್ ಮಾಡಿಸಿದ್ದು ಕೆಲವು. ಮೂರು ಹಾಡುಗಳಿಗೆ ಸಲಾಮ್ ರೆಮಿ ಹೊಸದಾಗಿ ಮಿಕ್ಸ್ ಮಾಡಿದ್ದಾರೆ. ಹಾಡುಗಳು ಚೆನ್ನಾಗಿವೆ. ಆದರೆ ಯಾವ ಹಾಡಿನ ನಂತರ ಯಾವುದು ಅಂತ ಮಾರ್ವಿನ್ ಹೇಳಿದ್ದಲ್ಲ.

ಗಾಂಧಿಬಜಾರ್_ಗ್ರೂವ್
ಹಾಡಿನ ಸಾಲು ಯಾರು ಜೋಡಿಸಿದರೆ ಏನು? ದನಿ ಆತನದೇ ತಾನೇ! ‘ವುಮನ್ ಆಫ್ ದಿ ವರ್ಲ್ಡ್’ ಕೇಳಿ. ಇದು ಕಪಾಟಿನಲ್ಲೇ ಇರಬೇಕಿತ್ತು ಅಂತ ಯಾರಾದರೂ ಹೇಳುತ್ತಾರಾ?

ಸೂಜಿಮೊನೆ
ಕಪಾಟಿನಲ್ಲಿರಲಿ ಅನ್ನುವುದಿಲ್ಲ. ‘ಕಳೆದುಹೋಗಿದ್ದ ಆಲ್ಬಂ’ ಅಂತ ಹೇಳಿ ಮಾರಬೇಡಿ ಅನ್ನುತ್ತೇನೆ. ಸಂಗ್ರಹ ಅನ್ನಲಿ. ಮಾರ್ವಿನ್ ಸಾಯುವವರೆಗೂ ತಿದ್ದುತ್ತಿದ್ದ ಮನುಷ್ಯ. ಬಾಬಿ ಸ್ಕಾಟ್ ವಾದ್ಯವೃಂದ ಜೋಡಿಸಿದ ಆ ನಿಧಾನದ ಹಾಡುಗಳನ್ನೇ ನೋಡಿ. ವಾದ್ಯದ ಭಾಗ 60ರ ದಶಕದ್ದು. ಅದರ ಮೇಲೆ ಹಾಡಿದ, ಸಮಾಧಾನ ಆಗಲಿಲ್ಲ. 70ರ ದಶಕದ ಕೊನೆಯಲ್ಲಿ ಮತ್ತೆ ಹಾಡಿದ. ತಾನೇ ದನಿಯ ಮೇಲೆ ದನಿ ಕೂರಿಸಿ ಮೂರು ನಾಲ್ಕು ಮಾರ್ವಿನ್‌ಗಳು ಒಟ್ಟಿಗೆ ಹಾಡಿದಂತೆ ಮಾಡಿದ. 1984ರಲ್ಲಿ ತೀರಿಕೊಳ್ಳುವ ತನಕ ಅದನ್ನು ಹೊರಗೆ ಬಿಡಲಿಲ್ಲ. 1997ರಲ್ಲಿ ‘ವಲ್ನರಬಲ್’ ಅಂತ ಬಂತು. ನನ್ನ ಮಟ್ಟಿಗೆ ಆತನ ಅತ್ಯಂತ ಆಳವಾದ ಹಾಡುಗಾರಿಕೆ ಅದರಲ್ಲಿದೆ.

ಲೆಕ್ಕದವ
ಹಾಗಾದರೆ ನಿಮ್ಮ ನಿಯಮದ ಪ್ರಕಾರ ಅದು ಬರಲೇಬಾರದಿತ್ತು. ಆತ ಬಿಡದೇ ಇಟ್ಟುಕೊಂಡದ್ದನ್ನು ಕಂಪನಿ ಹೊರತಂದಿತು, ನೀವು ಕೇಳಿ ಸಂತೋಷಪಟ್ಟಿರಿ. ಎರಡೂ ಹೇಗಾಗುತ್ತದೆ?

ಮಿಷಿಗನ್_ಕನ್ನಡತಿ
ಇದು ಸರಿಯಾದ ಪ್ರಶ್ನೆ. ಇದಕ್ಕಿಂತ ಕಷ್ಟದ ಪ್ರಶ್ನೆ ಅರೀಥಾ ಅವರದು. 1972ರ ಜನವರಿ 13 ಮತ್ತು 14, ಲಾಸ್ ಏಂಜಲೀಸ್‌ನ ವಾಟ್ಸ್‌ನಲ್ಲಿ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಎರಡು ರಾತ್ರಿ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ಹಾಡಿದರು. ‘ಅಮೇಝಿಂಗ್ ಗ್ರೇಸ್’ ಆಲ್ಬಂ ಆಗ ಬಂದು ಭರ್ಜರಿ ಮಾರಾಟವಾಯಿತು. ಆದರೆ ಸಿನಿಮಾ ಬರಲಿಲ್ಲ. ಸಿಡ್ನಿ ಪೊಲಾಕ್ ಚಿತ್ರೀಕರಣ ಮಾಡಿದ್ದರು, ಕ್ಲ್ಯಾಪ್ ಬೋರ್ಡ್ ಬಳಸಿರಲಿಲ್ಲ. ಅದಿಲ್ಲದಿದ್ದರೆ ಯಾವ ರೀಲಿಗೆ ಯಾವ ದನಿ ಅಂತ ಹೊಂದಿಸುವುದು ಹೇಗೆ? ರೀಲುಗಳು ಹಾಗೇ ಬಿದ್ದಿದ್ದವು. ಕೊನೆಗೆ ಅಲನ್ ಎಲಿಯಟ್ ಅನ್ನುವ ನಿರ್ಮಾಪಕ ಮನೆ ಅಡ ಇಟ್ಟು ಅದರ ಹಕ್ಕು ಕೊಂಡರು. ಡಿಜಿಟಲ್ ಕಾಲದಲ್ಲಿ ದನಿ, ಚಿತ್ರ ಎರಡೂ ಹೊಂದಿಕೊಂಡವು.

ಆಗ ಅರೀಥಾ ಕೋರ್ಟಿಗೆ ಹೋದರು. 2011ರಲ್ಲಿ ಒಮ್ಮೆ. 2015ರಲ್ಲಿ ಟೆಲುರೈಡ್ ಚಿತ್ರೋತ್ಸವದಲ್ಲಿ ತೋರಿಸುವ ಹೊತ್ತಿಗೆ ತಡೆಯಾಜ್ಞೆ ತಂದರು. 2018ರ ಆಗಸ್ಟ್ 16ಕ್ಕೆ ತೀರಿಕೊಂಡರು. ಅದೇ ನವೆಂಬರ್‌ನಲ್ಲಿ, ಕುಟುಂಬದ ಒಪ್ಪಿಗೆ ಪಡೆದು ನ್ಯೂಯಾರ್ಕ್‌ನಲ್ಲಿ ಮೊದಲ ಪ್ರದರ್ಶನ ಆಯಿತು.

ಹಾಡಿದವರೇ ಬೇಡ ಅಂದದ್ದನ್ನು, ಅವರು ಕಣ್ಣು ಮುಚ್ಚಿದ ಮೂರು ತಿಂಗಳಿಗೆ ತೆರೆದರು. ನಾನು ನೋಡಿದೆ. ಆಕೆಯ ಮುಖದ ಮೇಲೆ ಬೆವರು ಹರಿಯುತ್ತದೆ, ಹಾಡಿನ ನಡುವೆ ಅಪ್ಪ ಎದ್ದು ಬಂದು ಮಗಳ ಮುಖ ಒರೆಸುತ್ತಾರೆ. ಆ ಚಿತ್ರ ಇಲ್ಲದ ಜಗತ್ತು ನನಗೆ ಬೇಡ. ಆದರೆ ಆಕೆಯ ಮಾತು ಮೀರಿ ನೋಡಿದೆ ಅನ್ನುವುದೂ ಮನಸ್ಸಿನಲ್ಲಿದೆ.

ತಂಬೂರಿ_ಧಾರವಾಡ
ಮೇಡಂ ಬರೆದದ್ದು ಓದಿ ಸುಮ್ಮನೆ ಕೂತೆ.

ನಮ್ಮ ಕಡೆ ಇದು ಇನ್ನೊಂದು ತರಹ. ನಮ್ಮ ಹಿರಿಯರ ಹಾಡುಗಾರಿಕೆಯ ಎಷ್ಟೋ ಪಾಲು ಇರುವುದು ಆಕಾಶವಾಣಿಯ ಟೇಪ್‌ಗಳಲ್ಲಿ. ಮಲ್ಲಿಕಾರ್ಜುನ ಮನ್ಸೂರ ಅಂಥವರ ಕೆಲವು ಧ್ವನಿಮುದ್ರಣಗಳು ಆಕಾಶವಾಣಿಯ ಸಂಗ್ರಹದಿಂದ ಸಿಡಿಯಾಗಿ ಬಂದಿವೆ, ಅದಕ್ಕೆ ಕೈಮುಗಿಯಬೇಕು. ಮನೆಮನೆಯ ಬೈಠಕ್‌ಗಳಲ್ಲಿ ಯಾರೋ ಸ್ಪೂಲ್ ಮೆಷಿನ್ ಇಟ್ಟು ತುಂಬಿಕೊಂಡದ್ದು ಬೇರೆಯೇ. ಅವು ಯಾರ ಅಟ್ಟದ ಮೇಲಿವೆಯೋ! ಅಲ್ಲಿ ಹಾಡಿದವರು ಹೊರಗೆ ಬರಲಿ ಅಂತ ಹಾಡಿರಲಿಲ್ಲ. ಎದುರಿಗೆ ಕೂತ ಹತ್ತಿಪ್ಪತ್ತು ಜನಕ್ಕೆ ಅಂತ ಹಾಡಿದ್ದು. ಅದನ್ನು ಅಂತರ್ಜಾಲಕ್ಕೆ ಏರಿಸುವ ಮುಂಚೆ ಮನೆಯವರನ್ನಾದರೂ ಕೇಳಬೇಕು ಅಂತ ನನ್ನ ಅಭಿಪ್ರಾಯ.

ಗಾಂಧಿಬಜಾರ್_ಗ್ರೂವ್
ಕೇಳುತ್ತಾ ಕೂತರೆ ಅಷ್ಟರಲ್ಲಿ ಟೇಪ್ ಪುಡಿಯಾಗಿರುತ್ತದೆ ಸಾರ್. ಮೊದಲು ಉಳಿಸಲಿ.

ಸ್ಪೂಲ್‌ಮಣಿ
ಉಳಿಸುವುದು ಬೇರೆ, ಬಿಡುಗಡೆ ಬೇರೆ. ಕಾಪಿ ಮಾಡಿ ಭದ್ರವಾಗಿಡಲು ಯಾರ ಅಡ್ಡಿಯೂ ಇರಬಾರದು. ಊರಿಗೆಲ್ಲ ಹಂಚುವಾಗ ಕೇಳಲಿ. ಧಾರವಾಡದವರ ಮಾತಿಗೆ ನನ್ನ ಒಪ್ಪಿಗೆ.

ಕಪ್ಪುಕೋಟು
ಸೂಜಿಮೊನೆ ಅವರು ಕೇಳಿದ ನಿಯಮದ ವಿಷಯಕ್ಕೆ ಬರುತ್ತೇನೆ. ಯುರೋಪಿನಲ್ಲಿ ಅದರ ಹತ್ತಿರದ್ದು ಒಂದಿದೆ. 2011ರಲ್ಲಿ ಅಲ್ಲಿ ಧ್ವನಿಮುದ್ರಣದ ಹಕ್ಕನ್ನು 50 ವರ್ಷದಿಂದ 70ಕ್ಕೆ ಏರಿಸಿದರು. ಆದರೆ 50 ವರ್ಷದೊಳಗೆ ಪ್ರಕಟವಾಗಿದ್ದರೆ ಮಾತ್ರ ಆ ಹೆಚ್ಚಿನ ಅವಧಿ. ಪೆಟ್ಟಿಗೆಯಲ್ಲೇ ಇಟ್ಟಿದ್ದರೆ 50ಕ್ಕೆ ಮುಗಿಯಿತು, ಯಾರು ಬೇಕಾದರೂ ಬಳಸಬಹುದು. ಅದರ ಪರಿಣಾಮ ನೋಡಿ. 2012ರ ಕೊನೆಗೆ ಬಾಬ್ ಡಿಲನ್ ಅವರ ಹಳೆಯ ರೆಕಾರ್ಡಿಂಗ್‌ಗಳ ಒಂದು ಸೆಟ್ ಯುರೋಪಿನಲ್ಲಿ ಬಂತು. ಸುಮಾರು 100 ಪ್ರತಿ ಅಷ್ಟೇ! ಹಕ್ಕು ಉಳಿಸಿಕೊಳ್ಳಲು ಮಾಡಿದ ಬಿಡುಗಡೆ ಅಂತ ಹೆಸರಿನಲ್ಲೇ ಬರೆದುಕೊಂಡಿದ್ದರು. ಮೋಟೌನ್ ಕೂಡ 60ರ ದಶಕದ ಬಿಡುಗಡೆಯಾಗದ ಹಾಡುಗಳನ್ನು ವರ್ಷ ವರ್ಷದ ಲೆಕ್ಕದಲ್ಲಿ ಡಿಜಿಟಲ್ ಆಗಿ ಹೊರಬಿಟ್ಟಿತು.

ನಮ್ಮ ದೇಶದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಪ್ರಕಟವೇ ಆಗದಿದ್ದರೆ ಆ 60ರ ಎಣಿಕೆ ಶುರುವಾಗುವುದು ಯಾವಾಗ? ಯೋಚನೆ ಮಾಡಿ.

ಸೂಜಿಮೊನೆ
ಬಹಳ ಉಪಯೋಗದ ಮಾಹಿತಿ ಸಾರ್. ಆದರೆ ಯುರೋಪಿನ ನಿಯಮದಲ್ಲಿ ಹಾಡಿದವರಿಗೆ ಏನು ಸಿಗುತ್ತದೆ? 50 ವರ್ಷ ಕಾದ ಮೇಲೆ ಎಲ್ಲರಿಗೂ ಫ್ರೀ. 26ಕ್ಕೆ ಹಾಡಿದವರಿಗೆ ಆಗ 76.

ಲೆಕ್ಕದವರ ಪ್ರಶ್ನೆಗೂ ಉತ್ತರ ಹೇಳುತ್ತೇನೆ. ಹಾಡಿದವರ ಕೈಗೆ ವಾಪಸ್ ಬರಲಿ ಅಂದಾಗ, ಅವರು ಅದನ್ನು ಮುಚ್ಚಿಡಬಹುದು ಅನ್ನುವುದನ್ನೂ ಒಪ್ಪಿಯೇ ಹೇಳುತ್ತಿದ್ದೇನೆ. ಮಾರ್ವಿನ್ ಹಾಡುಗಳು ನನಗೆ ಪ್ರಾಣ. ಆತ ‘ಸುಟ್ಟುಹಾಕಿ’ ಅಂತ ಬರೆದಿಟ್ಟು ಹೋಗಿದ್ದರೆ ನನಗೆ ಸಿಗುತ್ತಿರಲಿಲ್ಲ, ಆ ನಷ್ಟ ನಾನು ಹೊರುತ್ತೇನೆ. ಆತ ಹಾಗೇನೂ ಬರೆದಿಡಲಿಲ್ಲ. ಅರೀಥಾ ಬಾಯಿಬಿಟ್ಟು ಬೇಡ ಅಂದರು. ಅವೆರಡೂ ಒಂದೇ ಅಲ್ಲ. ಬೆಟ್ಟಿಯಂತೂ ಬೇಕು ಬೇಕು ಅಂತ ಅಂಗಲಾಚಿದರು. ಮೂರು ಜನ, ಮೂರು ತರಹ. ಮೂರರಲ್ಲೂ ಕೀಲಿಕೈ ಇದ್ದದ್ದು ಮಾತ್ರ ಬೇರೆಯವರ ಹತ್ತಿರ.

ಲೆಕ್ಕದವ
ಒಂದು ಕಡೆ ಒಪ್ಪುತ್ತೇನೆ. ಅರ್ಧ ಖರ್ಚಾದರೂ ಕೊಟ್ಟು ಕಲಾವಿದರೇ ಕೊಂಡುಕೊಳ್ಳುವ ಅವಕಾಶ ಒಪ್ಪಂದದಲ್ಲೇ ಇರಬೇಕು. ಧರ್ಮಕ್ಕೆ ವಾಪಸ್ ಕೊಡಿ ಅಂದರೆ ಮುಂದೆ ಹೊಸಬರ ಮೇಲೆ ಯಾರೂ ದುಡ್ಡು ಹಾಕುವುದಿಲ್ಲ.

ಹಾಡುಹಕ್ಕಿ
ಕೇಳಿದೆ! ‘ಯುವರ್ ಟರ್ನ್ ಟು ಕ್ರೈ’. ಎರಡನೇ ಸಲ ಕೇಳುವಾಗ ಅಡುಗೆ ಮಾಡುತ್ತಿದ್ದೆ, ಒಗ್ಗರಣೆ ಸೀದುಹೋಯಿತು. ಈ ಹಾಡು ಕೇಳಿಯೂ ಎಲ್‌ಪಿ ಬೇಡ ಅಂದರಾ? ನಂಬುವುದಕ್ಕೇ ಆಗುತ್ತಿಲ್ಲ.

ವಿನೈಲ್_ಬಸವನಗುಡಿ
ಅಕ್ಕ, ಅದೇ ಆಲ್ಬಂನಲ್ಲಿ ‘ಸೂವನೀರ್ಸ್’ ಕೇಳಿ. ಜಾನ್ ಪ್ರೈನ್ ಬರೆದ ಹಾಡು. ಆತ ಹಾಡಿದಾಗ ಒಬ್ಬ ಹುಡುಗ ಹಳೆಯದನ್ನು ನೆನೆಸಿಕೊಂಡಂತೆ ಇರುತ್ತದೆ. ಬೆಟ್ಟಿ ಹಾಡಿದಾಗ ನಿಜವಾಗಿ ಏನೋ ಕಳೆದುಕೊಂಡವರ ದನಿ. ಪೆಟಾರ್ ಆಲ್ಬಂಗೆ ಆ ಹೆಸರೇ ಇಟ್ಟದ್ದು ಸುಮ್ನೆ ಅಲ್ಲ ಅನ್ನಿಸುತ್ತದೆ.

ಪಕ್ಕದ ವಿಷಯ ಒಂದು. ಬಿಡುಗಡೆಯಾಗದ ಸೋಲ್ ರೆಕಾರ್ಡ್‌ಗೆ ಎಂಥ ಬೆಲೆ ಗೊತ್ತಾ? ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನ್‌ಗೆ ಒಂದು ಸಿಂಗಲ್ ಹಾಡಿದ. ಪ್ರಚಾರಕ್ಕೆ ಅಂತ ಒತ್ತಿಸಿದ್ದ ಪ್ರತಿಗಳನ್ನು ಹಾಳು ಮಾಡಿಬಿಟ್ಟರು. ಉಳಿದದ್ದು ಬೆರಳೆಣಿಕೆಯಷ್ಟು. ಅದರಲ್ಲೊಂದು 2009ರಲ್ಲಿ 25 ಸಾವಿರ ಪೌಂಡ್‌ಗೂ ಜಾಸ್ತಿಗೆ ಹೋಯಿತು. ಇಂಗ್ಲೆಂಡಿನ ಉತ್ತರದ ಡ್ಯಾನ್ಸ್ ಕ್ಲಬ್‌ಗಳಲ್ಲಿ ಆ ಹಾಡಿಗೆ ಇವತ್ತಿಗೂ ಕುಣಿಯುತ್ತಾರೆ.

ರಾತ್ರಿಪಾಳಿ
25 ಸಾವಿರ ಪೌಂಡ್! ಹಾಡಿದವನಿಗೆ ಅದರಲ್ಲಿ ಎಷ್ಟು?

ವಿನೈಲ್_ಬಸವನಗುಡಿ
ಹಳೆಯ ಪ್ಲೇಟು ಕೈ ಬದಲಾದರೆ ಹಾಡಿದವರಿಗೆ ಏನೂ ಬರುವುದಿಲ್ಲ. ಮಾರಿದವರಿಗೆ ಅಷ್ಟೂ.

ಹೊಸಬ_ಕೇಳುಗ
2000ದ ಬಿಡುಗಡೆಯಿಂದ ಬೆಟ್ಟಿ ಅವರಿಗೆ ಏನಾದರೂ ಪ್ರಯೋಜನ ಆಯಿತಾ? ಇಲ್ಲ ಬರೀ ನಮ್ಮಂಥ ಕೇಳುಗರಿಗೆ ಖುಷಿ, ಅಷ್ಟೇನಾ?

ಮಿಷಿಗನ್_ಕನ್ನಡತಿ
ಆಯಿತು, ಚೆನ್ನಾಗಿಯೇ ಆಯಿತು. ಯುರೋಪಿನ ಕೇಳುಗರು ಯಾರಿವರು ಅಂತ ಹುಡುಕಿದರು. 2003ರಲ್ಲಿ ಹೊಸ ಆಲ್ಬಂ, 2004ರಲ್ಲಿ ಅದಕ್ಕೆ ಬ್ಲೂಸ್ ಸಂಗೀತದ ಡಬ್ಲ್ಯು.ಸಿ. ಹ್ಯಾಂಡಿ ಪ್ರಶಸ್ತಿ. 2005ರಲ್ಲಿ ಆ್ಯಂಟಿ ಲೇಬಲ್‌ಗೆ ಜೋ ಹೆನ್ರಿ ನಿರ್ಮಾಣದಲ್ಲಿ ಒಂದು ಆಲ್ಬಂ, ಎಲ್ಲವೂ ಹೆಣ್ಣುಮಕ್ಕಳು ಬರೆದ ಹಾಡುಗಳು. 2007ರದು ನನಗೆ ಬಹಳ ಇಷ್ಟ. ‘ದಿ ಸೀನ್ ಆಫ್ ದಿ ಕ್ರೈಮ್’. ಮತ್ತೆ ಮಸಲ್ ಶೋಲ್ಸ್‌ಗೇ ಹೋಗಿ ರೆಕಾರ್ಡ್ ಮಾಡಿದರು. ಜೊತೆಗೆ ನುಡಿಸಿದ ಬ್ಯಾಂಡ್‌ನ ಪ್ಯಾಟರ್ಸನ್ ಹುಡ್ ಯಾರು ಗೊತ್ತಾ? 1972ರಲ್ಲಿ ಆಕೆಗೆ ಬಾಸ್ ನುಡಿಸಿದ ಡೇವಿಡ್ ಹುಡ್ ಅವರ ಮಗ. ಅಪ್ಪನೂ ಬಂದು ನುಡಿಸಿದರು. ಅದರಲ್ಲಿ ತಮ್ಮ ಕಷ್ಟದ ವರ್ಷಗಳ ಬಗ್ಗೆಯೇ ಒಂದು ಹಾಡನ್ನು ಪ್ಯಾಟರ್ಸನ್ ಜೊತೆ ಸೇರಿ ಬರೆದರು.

2008ರ ಡಿಸೆಂಬರ್‌ನಲ್ಲಿ ಕಲಾವಿದರನ್ನು ಸನ್ಮಾನಿಸುವ ಕೆನಡಿ ಸೆಂಟರ್ ಸಮಾರಂಭದಲ್ಲಿ ‘ದಿ ಹೂ’ ಬ್ಯಾಂಡ್‌ನವರ ಎದುರಿಗೇ ಅವರ ಹಾಡು ಹಾಡಿದರು. ಟಿವಿಯಲ್ಲಿ ನೋಡುತ್ತಾ ನಾನೂ ನಮ್ಮ ಯಜಮಾನರೂ ಊಟ ಮರೆತು ಕೂತಿದ್ದೆವು. ಮುಂದಿನ ತಿಂಗಳು, 2009ರ ಜನವರಿ 18ಕ್ಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಒಬಾಮಾ ಪದಗ್ರಹಣದ ಸಂಭ್ರಮದಲ್ಲಿ ಸ್ಯಾಮ್ ಕುಕ್ ಹಾಡು ಹಾಡಿದರು. ಆಗ ಆಕೆಗೆ 62.

ಲೆಕ್ಕದವ
ಹಾಗಾದರೆ ಹೆಸರು ತಂದುಕೊಟ್ಟದ್ದು 2005ರ ನಂತರದ ಹೊಸ ಹಾಡುಗಳು. ಹಳೆಯ ಟೇಪ್‌ಗೆ ಅಷ್ಟು ಶ್ರೇಯ ಕೊಡುವುದು ಸರಿಯಾ?

ಮಿಷಿಗನ್_ಕನ್ನಡತಿ
ಹೊಸ ಹಾಡಿಗೆ ಕರೆದವರು ಹಳೆಯ ಹಾಡು ಕೇಳಿಯೇ ಕರೆದರು ಅಂತ ನಾನು ನಂಬುತ್ತೇನೆ. ಅದಿರಲಿ, ಆ ಎಲ್‌ಪಿ ಕೈಗೆ ಬಂದಾಗ ಆಕೆಗೆ ಆದ ಸಮಾಧಾನಕ್ಕೆ ಯಾವ ಲೆಕ್ಕ ಬರೆಯುತ್ತೀರಿ ಲೆಕ್ಕದವರೇ? ಒಬ್ಬರು ಇದು ಚೆನ್ನಾಗಿತ್ತು, ನಾನು ಚೆನ್ನಾಗಿಯೇ ಹಾಡಿದ್ದೆ ಅಂತ ಅಷ್ಟು ವರ್ಷ ಹೇಳುತ್ತಾ ಬಂದಿದ್ದಾರೆ. ತೋರಿಸುವುದಕ್ಕೆ ಕೈಯಲ್ಲಿ ಏನೂ ಇಲ್ಲ.

ಲೆಕ್ಕದವ
ಈ ಮಾತಿಗೆ ನನ್ನ ತಕರಾರಿಲ್ಲ.

ತಂಬೂರಿ_ಧಾರವಾಡ
ಒಂದು ಕೋರಿಕೆ. ಮನೆಯಲ್ಲಿ ಹಿರಿಯರ ಸ್ಪೂಲ್ ಅಥವಾ ಕ್ಯಾಸೆಟ್ ಇರುವವರು ಮೊದಲು ಏನು ಮಾಡಬೇಕು, ಸ್ಪೂಲ್‌ಮಣಿ ಅವರು ಹೇಳಿದರೆ ಚೆನ್ನ. ನಮ್ಮ ಸೋದರಮಾವನ ಮನೆಯಲ್ಲಿ ಒಂದು ಟ್ರಂಕ್ ತುಂಬ ಇವೆ.

ಸ್ಪೂಲ್‌ಮಣಿ
ಮೊದಲು ಅಟ್ಟದಿಂದ ಇಳಿಸಿ. ಹೆಂಚಿನ ಕೆಳಗಿನ ಶಾಖ, ಮಳೆಗಾಲದ ತೇವ, ಎರಡೂ ಟೇಪ್‌ಗೆ ವಿಷ. ಡಬ್ಬಿಯನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಸ್ಪೀಕರ್ ಹತ್ತಿರ ಇಡಬೇಡಿ. ಪ್ಲೇ ಮಾಡಿ ನೋಡುವ ಆಸೆ ಬೇಡವೇ ಬೇಡ, ಬೂಷ್ಟು ಹಿಡಿದಿದ್ದರೆ ಅದೇ ಕೊನೆಯ ಪ್ಲೇ ಆಗಬಹುದು. ಡಬ್ಬಿಯ ಮೇಲಿನ ಬರಹ, ಒಳಗಿನ ಚೀಟಿ ಎಲ್ಲದರ ಫೋಟೋ ತೆಗೆದುಕೊಳ್ಳಿ. ಯಾರು ಹಾಡಿದ್ದು, ಯಾರ ಮನೆಯಲ್ಲಿ, ಯಾವ ವರ್ಷ ಅಂತ ಮಾವನವರನ್ನು ಈಗಲೇ ಕೇಳಿ ಬರೆದಿಡಿ. ಅದನ್ನು ಯಾವ ಮೆಷಿನ್‌ನಿಂದಲೂ ತೆಗೆಯಲಾಗುವುದಿಲ್ಲ.

ತಂಬೂರಿ_ಧಾರವಾಡ
ಭಾನುವಾರ ಹೋಗುತ್ತೇನೆ. ಫೋಟೋ ತೆಗೆದು ನಿಮಗೆ ಸಂದೇಶ ಕಳಿಸುತ್ತೇನೆ.

ಹಾಡುಹಕ್ಕಿ
ಆಲ್ಬಂ ಕೊಳ್ಳಬೇಕು. 2000ದ ಫ್ರೆಂಚ್ ಸಿಡಿ ಹುಡುಕಲಾ ಅಥವಾ ಆಮೇಲೆ ಬಂದದ್ದಾ?

ಸೂಜಿಮೊನೆ
2006ರಲ್ಲಿ ರೈನೊ ಹ್ಯಾಂಡ್‌ಮೇಡ್ ಅನ್ನುವ ಲೇಬಲ್ ತಂದದ್ದು ಹುಡುಕಿ, ‘ಚೈಲ್ಡ್ ಆಫ್ ದಿ ಸೆವೆಂಟೀಸ್’. ಆಲ್ಬಂ ಹಾಡುಗಳ ಜೊತೆ ಅದೇ ಕಾಲದ ಸಿಂಗಲ್‌ಗಳೂ ಇವೆ. ನೀಲ್ ಯಂಗ್ ಅವರ ‘ಹಾರ್ಟ್ ಆಫ್ ಗೋಲ್ಡ್’ ಆಕೆಯ ದನಿಯಲ್ಲಿದೆ. ಸಿಗದಿದ್ದರೆ ಸ್ಟ್ರೀಮಿಂಗ್‌ನಲ್ಲಿ ಕೇಳಿ. ಆದರೆ ಷಫಲ್ ಹಾಕಬೇಡಿ, ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಕೇಳಿ.

ಗಾಂಧಿಬಜಾರ್_ಗ್ರೂವ್
ಮಾರ್ವಿನ್ ವಿಷಯ ಇನ್ನೂ ಮುಗಿದಿಲ್ಲ ಸೂಜಿಮೊನೆ. ಬೇರೆ ಚರ್ಚೆ ಶುರು ಮಾಡುತ್ತೇನೆ, ಅಲ್ಲಿಗೆ ಬನ್ನಿ.